‘ಇಲ್ಲ’ ಎಂದರೆ ಏಕೆ ಇಲ್ಲ?

ಮನೆ, ಸೂರು, ನೆಲೆ, ಬಿಡಾರ ಎಂಬ ನಾಲ್ಕು ಮಾತುಗಳನ್ನು ನಾವು ದಿನಬಳಕೆಯಲ್ಲಿ ಒಂದರ ಬದಲು ಇನ್ನೊಂದಾಗಿ ಆಡಿಬಿಡುವುದುಂಟು. ಅರ್ಥ ನೋಡಿದರೆ ಅವು ಒಂದಲ್ಲ. ಸೂರೆಂದರೆ ಮಾಡಿನ ಅಂಚು. ಮಳೆ ಬಂದಾಗ ಅದರ ಕೆಳಗೆ ಯಾರು ಬೇಕಾದರೂ ನಿಲ್ಲಬಹುದು. ಬಿಡಾರವೆಂದರೆ ಇಂದು ಇಳಿದು ನಾಳೆ ಏಳುವ ಜಾಗ. ‘ಇಲ್ಲಿಂದ ಏಳು’ ಎಂದು ಯಾರೂ ಸುಮ್ಮಸುಮ್ಮನೆ ಹೇಳಲಾಗದ ಸ್ಥಳ ಯಾವುದೋ ಅದೇ ನೆಲೆ. ಸೂರಿದ್ದೂ ನೆಲೆಯಿಲ್ಲದವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ.

ಇಂಗ್ಲೆಂಡಿನ ಕಾನೂನು ಈ ಸೂಕ್ಷ್ಮವನ್ನು ಗಮನಿಸಿದೆ. ಅಲ್ಲಿ ‘ಮನೆಯಿಲ್ಲದವನು’ ಎಂದರೆ ಬೀದಿಬದಿಯಲ್ಲಿ ಮಲಗಿದವನೇ ಆಗಬೇಕಾಗಿಲ್ಲ. ಸ್ನೇಹಿತನ ಹಜಾರದಲ್ಲಿ ದಾಕ್ಷಿಣ್ಯಕ್ಕೆ ಉಳಿದುಕೊಂಡವನು, ಹೊಡೆಯುವ ಗಂಡನ ಮನೆಯಲ್ಲಿ ಬಾಳಲಾರದ ಹೆಂಗಸು, ಇವರೂ ಕಾನೂನಿನ ಕಣ್ಣಿಗೆ ನೆಲೆಯಿಲ್ಲದವರೇ. ಇನ್ನು ೫೬ ದಿನಗಳೊಳಗೆ ಮನೆ ತಪ್ಪುವ ಭೀತಿಯಿರುವವನಿಗೂ ನೆರವು ಕೇಳುವ ಅಧಿಕಾರವುಂಟು. ಕೇಳಬೇಕಾದದ್ದು ಯಾರನ್ನು? ನಮ್ಮ ಪುರಸಭೆ ನಗರಸಭೆಗಳ ಸ್ಥಾನದಲ್ಲಿರುವ ಅಲ್ಲಿನ ಸ್ಥಳೀಯ ಕೌನ್ಸಿಲನ್ನು. (ಸ್ಕಾಟ್ಲೆಂಡು, ವೇಲ್ಸು, ಉತ್ತರ ಐರ್ಲೆಂಡುಗಳ ಕಾನೂನು ಬೇರೆ, ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿಗೆ ಮಾತ್ರ ಸಲ್ಲತಕ್ಕದ್ದು.) ವಾಚಕರಲ್ಲಿ ಕೆಲವರ ಮಕ್ಕಳೋ ಬಂಧುಗಳೋ ಆ ದೇಶದಲ್ಲಿ ನೆಲಸಿರಬಹುದು. ಆದುದರಿಂದ ಕೌನ್ಸಿಲು ‘ಇಲ್ಲ’ ಎಂದಾಗ ಅಲ್ಲಿನ ಪ್ರಜೆ ಏನು ಮಾಡಬಹುದು ಎಂಬುದನ್ನು ತಿಳಿದಿರುವುದು ನಮಗೂ ನಿಷ್ಪ್ರಯೋಜಕವಲ್ಲ.

ಈ ಕಾನೂನಿನ ಹಿಂದೆ ಒಂದು ಪ್ರಸಾರದ ಕಥೆಯಿದೆ. ರೇಡಿಯೋ ಕೇಳುವ ಮನೆಗಳವರಿಗೆ ಅದು ಸ್ವಾರಸ್ಯವೆನಿಸೀತು. ೧೯೬೬ನೆಯ ನವೆಂಬರ್ ೧೬ರಂದು ಬಿ.ಬಿ.ಸಿ. ತನ್ನ ದೂರದರ್ಶನದಲ್ಲಿ ‘ಕ್ಯಾಥಿ ಕಮ್ ಹೋಮ್’ ಎಂಬ ನಾಟಕವನ್ನು ಬಿತ್ತರಿಸಿತು. ಬರೆದವರು ಜೆರೆಮಿ ಸ್ಯಾಂಡ್‌ಫರ್ಡ್, ನಿರ್ದೇಶಿಸಿದವರು ಕೆನ್ ಲೋಚ್. ಗಂಡ ಹೆಂಡತಿ ಮಕ್ಕಳ ಒಂದು ಸಂಸಾರ ಮನೆ ಕಳೆದುಕೊಂಡು, ಗಂಡನಿಗೆ ಪ್ರವೇಶವಿಲ್ಲದ ಅನಾಥಾಲಯದಂಥ ವಸತಿಗೆ ಬಿದ್ದು, ಕೊನೆಗೆ ತಾಯಿಯ ತೆಕ್ಕೆಯಿಂದ ಮಕ್ಕಳನ್ನೂ ಅಧಿಕಾರಿಗಳು ಕಿತ್ತುಕೊಂಡು ಹೋಗುವ ಕಥೆ ಅದು. ಆ ರಾತ್ರಿ ಸುಮಾರು ೧ ಕೋಟಿ ೨೦ ಲಕ್ಷ ಜನ ಅದನ್ನು ನೋಡಿದರು. ಅದೇ ಡಿಸೆಂಬರ್ ೧ರಂದು ‘ಶೆಲ್ಟರ್’ ಎಂಬ ಧರ್ಮಸಂಸ್ಥೆ ಹುಟ್ಟಿತು. ನಾಟಕ ನೋಡಿಯೇ ಸಂಸ್ಥೆ ಹುಟ್ಟಿತೆಂದು ಹೇಳುವವರಿದ್ದಾರೆ. ಅದು ಸರಿಯಲ್ಲ, ಸಿದ್ಧತೆ ಮೊದಲೇ ನಡೆದಿತ್ತು. ಆದರೆ ನಾಟಕವು ಜನರ ಕಿವಿ ಕಣ್ಣು ತೆರೆಸಿತ್ತೆಂಬುದು ನಿಜ. ಪ್ರಸಾರಕ್ಕೆ ಕಣ್ಣೀರು ಕೂಡಲೇ ಬಂತು. ಕಾನೂನು ಬರಲು ಹನ್ನೊಂದು ವರ್ಷ ಹಿಡಿಯಿತು. ಸ್ಟೀಫನ್ ರಾಸ್ ಎಂಬ ಲಿಬರಲ್ ಪಕ್ಷದ ಸದಸ್ಯರು ಖಾಸಗಿಯಾಗಿ ತಂದ ಮಸೂದೆ ೧೯೭೭ರಲ್ಲಿ ಶಾಸನವಾಗಿ, ನೆಲೆಯಿಲ್ಲದವರಿಗೆ ವಸತಿ ದೊರಕಿಸುವ ಹೊಣೆ ಮೊಟ್ಟಮೊದಲು ಕೌನ್ಸಿಲುಗಳ ಹೆಗಲಿಗೆ ಬಿತ್ತು.

ಹೊಣೆ ಬಿದ್ದಿತು, ಆದರೆ ಹೊಣೆ ತಪ್ಪಿದಾಗ ದೂರಲು ಹತ್ತಿರದ ಬಾಗಿಲಿರಲಿಲ್ಲ. ಲಂಡನ್ನಿನ ಹೈಕೋರ್ಟಿಗೇ ಹೋಗಬೇಕಾಗಿತ್ತು. ೧೯೮೬ರಲ್ಲಿ ಒಂದು ಮೊಕದ್ದಮೆ ಹೌಸ್ ಆಫ್ ಲಾರ್ಡ್ಸಿನವರೆಗೂ ಏರಿತು. ಗಂಡ, ಹೆಂಡತಿ, ಇಬ್ಬರು ಮಕ್ಕಳು. ಅತಿಥಿಗೃಹವೊಂದರ ಒಂದೇ ಕೊಠಡಿ. ಅಡಿಗೆ ಮಾಡಿಕೊಳ್ಳಲು ಅನುಕೂಲವಿಲ್ಲ. ಇವರಿಗೆ ವಸತಿ ಇದೆಯಷ್ಟೆ, ಆದುದರಿಂದ ಇವರು ನೆಲೆಯಿಲ್ಲದವರಲ್ಲ ಎಂದು ತೀರ್ಪಾಯಿತು. ಸೂರನ್ನೇ ನೆಲೆಯೆಂದು ಓದಿದರೆ ಆಗುವ ಅನರ್ಥ ಇದು. ಪಾರ್ಲಿಮೆಂಟು ಅದೇ ವರ್ಷ ಕಾನೂನನ್ನು ತಿದ್ದಿತು. ೧೯೯೬ರ ವಸತಿ ಶಾಸನವು ಈಗಿರುವ ದಾರಿಯನ್ನು ಹಾಕಿಕೊಟ್ಟಿತು: ಮೊದಲು ಕೌನ್ಸಿಲೇ ತನ್ನ ನಿರ್ಣಯವನ್ನು ಪುನರ್ವಿಮರ್ಶೆ ಮಾಡಬೇಕು; ಅದೂ ಒಪ್ಪಿಗೆಯಾಗದಿದ್ದರೆ ಸಮೀಪದ ಕೌಂಟಿ ಕೋರ್ಟಿಗೆ ಅಪೀಲು. ೨೦೧೮ರ ಏಪ್ರಿಲ್ ೩ರಿಂದ ಜಾರಿಗೆ ಬಂದ ಇನ್ನೊಂದು ಕಾನೂನು, ಮನೆ ತಪ್ಪುವ ಮುನ್ನವೇ ತಡೆಯಲು ಯತ್ನಿಸುವ ಹೊಣೆಯನ್ನೂ ಸೇರಿಸಿತು.

ಈ ದಾರಿಯ ಮೊದಲ ಮೆಟ್ಟಲು ಒಂದು ಕಾಗದ. ಅದನ್ನು ನಿರ್ಣಯಪತ್ರವೆಂದು ಕರೆಯೋಣ. ಅರ್ಜಿದಾರನಿಗೆ ಪ್ರತಿಕೂಲವಾಗಿ ಕೌನ್ಸಿಲು ಏನನ್ನು ನಿರ್ಣಯಿಸಿದರೂ ಅದನ್ನು ಬರೆದು ಕೊಡಬೇಕು, ಕಾರಣಗಳನ್ನು ಬರೆಯಬೇಕು, ಪುನರ್ವಿಮರ್ಶೆ ಕೇಳುವ ಹಕ್ಕುಂಟೆಂದೂ ಅದಕ್ಕೆ ಇಂತಿಷ್ಟು ಅವಧಿಯೆಂದೂ ತಿಳಿಸಬೇಕು. ಅವಧಿ ೨೧ ದಿನ. ಇಲ್ಲಿ ಒಂದು ವಿಚಿತ್ರವನ್ನು ನೋಡಿ. ಮನೆಯಿಲ್ಲದವನಿಗೆ ಅಂಚೆಯವನು ಕಾಗದವನ್ನು ಎಲ್ಲಿಗೆ ತಂದು ಕೊಡಬೇಕು? ಕಾಗದ ಕೈಸೇರದಿದ್ದರೆ, ಅದು ಕೌನ್ಸಿಲಿನ ಕಚೇರಿಯಲ್ಲಿ ತಕ್ಕಷ್ಟು ಕಾಲ ಲಭ್ಯವಿದ್ದರೆ ಸಾಕು, ಕೊಟ್ಟಂತೆಯೇ ಲೆಕ್ಕ ಎಂದು ಶಾಸನ ಹೇಳುತ್ತದೆ. ಹೋಗಿ ವಿಚಾರಿಸದೆ ಕುಳಿತವನ ದಿನಗಳು ಅವನಿಗೆ ತಿಳಿಯದಂತೆ ಕಳೆದುಹೋಗಬಹುದು.

‘ಇಲ್ಲ’ ಎನ್ನಲು ಕೌನ್ಸಿಲಿಗೆ ಮನಸ್ಸು ಬಂದ ಕಾರಣವೆಲ್ಲ ಸಲ್ಲುವುದಿಲ್ಲ. ಈತ ಈ ದೇಶದಲ್ಲಿ ನೆರವಿಗೆ ಅರ್ಹನೇ, ನಿಜವಾಗಿ ನೆಲೆಯಿಲ್ಲದವನೇ, ಆದ್ಯತೆ ಪಡೆಯುವವರ ಗುಂಪಿಗೆ ಸೇರುವನೇ, ಮನೆಯನ್ನು ಬುದ್ಧಿಪೂರ್ವಕ ಕಳೆದುಕೊಂಡನೇ, ಈ ಊರಿಗೂ ಇವನಿಗೂ ಸಂಬಂಧವುಂಟೇ ಎಂಬ ಪ್ರಶ್ನೆಗಳಲ್ಲೇ ಕಾರಣ ಇರಬೇಕು. ಕೊಡಲು ಒಪ್ಪಿದ ಮೇಲೂ, ಕೊಟ್ಟ ಮನೆ ಆ ಸಂಸಾರಕ್ಕೆ ಯೋಗ್ಯವೇ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಹೀಗಿರಲು ಪುನರ್ವಿಮರ್ಶೆ ಕೇಳುವವನು ತನ್ನ ಕಷ್ಟವನ್ನೆಲ್ಲ ತೋಡಿಕೊಂಡು ಪತ್ರ ಬರೆದರೆ ಪ್ರಯೋಜನ ಕಡಮೆ. ನಮ್ಮ ಶಾಲೆಯ ಹುಡುಗರಲ್ಲಿ ಕೆಲವರು ಪ್ರಶ್ನೆಯನ್ನೇ ಓದದೆ ತಮಗೆ ಬಂದದ್ದನ್ನೆಲ್ಲ ನಾಲ್ಕು ಪುಟ ಬರೆದು ಬರುತ್ತಾರೆ; ಶ್ರಮಕ್ಕೆ ಮರುಗಬಹುದೇ ಹೊರತು ಅಂಕ ಕೊಡಲಾಗುವುದಿಲ್ಲ. ಕಾಗದದಲ್ಲಿ ಬರೆದ ಕಾರಣವೇ ಪ್ರಶ್ನೆ. ಉತ್ತರ ಅದಕ್ಕಿರಬೇಕು.

ಬರ್ಮಿಂಗ್‌ಹ್ಯಾಮಿನ ಒಂದು ನಿದರ್ಶನ ಕೊಡುತ್ತೇನೆ. ನಾಲ್ಕು ಮಕ್ಕಳ ತಾಯಿಯೊಬ್ಬಳ ಮನೆಯ ಬಾಡಿಗೆ ತಿಂಗಳಿಗೆ ೭೦೦ ಪೌಂಡು. ಬಾಡಿಗೆಗೆಂದು ಬರುತ್ತಿದ್ದ ಸರಕಾರಿ ನೆರವಿಗೂ ಅದಕ್ಕೂ ೧೫೧ ಪೌಂಡಿನಷ್ಟು ಅಂತರ. ಬಾಕಿ ಬೆಳೆದು ೨೦೧೧ರಲ್ಲಿ ಮನೆ ಹೋಯಿತು. ಉಳಿದ ಖರ್ಚನ್ನು ಹಿಡಿತದಲ್ಲಿಟ್ಟಿದ್ದರೆ ಈ ಅಂತರವನ್ನು ತುಂಬಬಹುದಾಗಿತ್ತು, ಆದುದರಿಂದ ಆಕೆ ಬುದ್ಧಿಪೂರ್ವಕವಾಗಿಯೇ ಮನೆ ಕಳೆದುಕೊಂಡಳು ಎಂಬುದು ಕೌನ್ಸಿಲಿನ ವಾದ. ೨೦೧೯ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಎಷ್ಟು ಹಿಂಡಿದರೆ ಹಣ ಉಳಿದೀತು ಎಂಬುದಲ್ಲ ಪ್ರಶ್ನೆ. ಮಕ್ಕಳ ಊಟ ಬಟ್ಟೆಗೆ ಯುಕ್ತವಾಗಿ ಎಷ್ಟು ಬೇಕು, ಅದು ಹೋಗಿ ಬಾಡಿಗೆಗೆ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ ಎಂದಿತು. ಆ ತಾಯಿ ಗೆದ್ದದ್ದು ಕಾರಣವೆಂದು ಬರೆದಿದ್ದ ಆ ಒಂದೇ ಮಾತನ್ನು ಹಿಡಿದು. ಎಂಟು ವರ್ಷ ಹಿಡಿಯಿತೆಂಬುದನ್ನೂ ಮರೆಯಬಾರದು.

ಭಾಷೆಯನ್ನು ಕಲಿಸುವ ನನ್ನಂಥವನಿಗೆ ಈ ಎಲ್ಲ ವ್ಯವಹಾರದಲ್ಲಿ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು ಬೇರೊಂದು ಮಾತಿನ ಜಗಳ. ಗರ್ಭಿಣಿಯರು, ಚಿಕ್ಕ ಮಕ್ಕಳುಳ್ಳವರು, ಬೆಂಕಿ ಪ್ರವಾಹಗಳಿಂದ ಮನೆ ಕಳೆದುಕೊಂಡವರು, ೨೦೨೧ರಿಂದ ಈಚೆಗೆ ಮನೆಯೊಳಗಿನ ಹಿಂಸೆಯಿಂದ ಓಡಿಬಂದವರು, ಇವರೆಲ್ಲ ಆದ್ಯತೆಯ ಗುಂಪಿನವರು. ಇದಲ್ಲದೆ ಮುಪ್ಪು, ಮನೋವ್ಯಾಧಿ, ಅಂಗವೈಕಲ್ಯ ಮೊದಲಾದವುಗಳಿಂದ ‘ವಲ್ನರಬಲ್’ ಆದವರೂ ಸೇರುತ್ತಾರೆ. ಈ ಶಬ್ದದ ಬೇರು ಗಾಯ ಎಂಬರ್ಥದ ಲ್ಯಾಟಿನ್ ಪದ. ನಮ್ಮ ‘ಗಾಸಿ’ ಎಂಬ ಹಳೆಯ ಮಾತು ಇಲ್ಲಿ ಹೊಂದೀತು: ಬೇಗ ಗಾಸಿಗೊಳ್ಳುವವನು. ಆದರೆ ಬೇಗನೆಂದರೆ ಯಾರಿಗಿಂತ ಬೇಗ? ‘ರಾಮನು ದೊಡ್ಡವನು’ ಎಂದು ಹೇಳಿ ನಿಲ್ಲಿಸಿದರೆ, ಯಾರಿಗಿಂತ ಎಂದು ತರಗತಿಯಲ್ಲಿ ಕೇಳುತ್ತೇವಷ್ಟೆ. ಇಂಗ್ಲಿಷ್ ನ್ಯಾಯಾಲಯಗಳು ಆ ‘ಗಿಂತ’ವನ್ನು ಹುಡುಕಲು ವರ್ಷಗಟ್ಟಲೆ ತಿಣುಕಿದವು.

‘ಸಾಮಾನ್ಯನಾದ ಮನೆಯಿಲ್ಲದವನಿಗಿಂತ’ ಎಂದು ೧೯೯೮ರಲ್ಲಿ ಒಂದು ತೀರ್ಪು ಹೇಳಿತು. ಕೆಲವು ಕೌನ್ಸಿಲುಗಳು ಇದನ್ನು ಹಿಡಿದು ಹೂಡಿದ ತರ್ಕವನ್ನು ಕೇಳಿದರೆ ತಾವು ಬೆರಗಾಗುವಿರಿ. ಬೀದಿಯಲ್ಲಿ ಮಲಗುವವರಲ್ಲಿ ಬಹುಮಂದಿಗೆ ಮನೋವ್ಯಾಧಿಯೋ ವ್ಯಸನವೋ ಇದ್ದೇ ಇರುತ್ತದೆ; ಈ ಅರ್ಜಿದಾರನಿಗೂ ಅವೇ ಇವೆ; ಅಂದಮೇಲೆ ಈತ ಸಾಮಾನ್ಯನೇ, ಇವನಿಗೆ ವಿಶೇಷವೇನು? ಬೀದಿಯ ದುಃಖ ಬೆಳೆದಷ್ಟೂ ಒಬ್ಬೊಬ್ಬನ ದುಃಖ ಸಾಮಾನ್ಯವಾಗುತ್ತ ಹೋಗುವ ಲೆಕ್ಕ ಇದು. ೨೦೧೫ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ಬುಡವನ್ನೇ ಕಡಿಯಿತು. ಹೋಲಿಸಬೇಕಾದದ್ದು ಬೀದಿಯಲ್ಲಿ ಈಗಾಗಲೇ ಬಿದ್ದಿರುವವನೊಡನೆ ಅಲ್ಲ. ಸಾಮಾನ್ಯ ಮನುಷ್ಯನೊಬ್ಬ ಮನೆ ಕಳೆದುಕೊಂಡರೆ ಹೇಗಿದ್ದಾನೋ ಅವನೊಡನೆ. ಇಂಥ ಅಂಕಿಸಂಖ್ಯೆಗಳನ್ನು ನೆಚ್ಚಬಾರದು, ಕೌನ್ಸಿಲಿಗೆ ಹಣದ ಅಡಚಣೆಯೆಂಬುದೂ ಇಲ್ಲಿ ಲೆಕ್ಕಕ್ಕಿಲ್ಲ ಎಂದೂ ಹೇಳಿತು. ವಿಭಕ್ತಿ ಪ್ರತ್ಯಯವನ್ನು ಸರಿಯಾದ ಪದಕ್ಕೆ ಹಚ್ಚಿದ ಮಾತ್ರಕ್ಕೆ ಒಬ್ಬನಿಗೆ ಮನೆ ಸಿಗಬಹುದು. ವ್ಯಾಕರಣ ಹೊಟ್ಟೆಗೆ ಹಿಟ್ಟಲ್ಲವೆನ್ನುವ ಶಿಷ್ಯರಿಗೆ ನಾನು ಇದನ್ನು ಹೇಳುವುದುಂಟು.

ಲಂಡನ್ನಿಗೆ ಹೋದ ಕನ್ನಡಿಗರು ತಪ್ಪದೆ ನೋಡಿಬರುವ ಸ್ಥಳವೊಂದುಂಟು. ಥೇಮ್ಸ್ ನದಿಯ ದಂಡೆಯ ಮೇಲೆ, ಲ್ಯಾಂಬೆತ್ ಎಂಬ ಭಾಗದಲ್ಲಿ, ೨೦೧೫ರ ನವೆಂಬರ್ ೧೪ರಂದು ಅನಾವರಣವಾದ ಬಸವೇಶ್ವರರ ಪುತ್ಥಳಿಯಿದೆ. ಲ್ಯಾಂಬೆತ್ ಕೌನ್ಸಿಲಿನ ಮೇಯರಾಗಿದ್ದ ಕಲಬುರಗಿಯ ಡಾಕ್ಟರ್ ನೀರಜ್ ಪಾಟೀಲರು ಅದರ ಸ್ಥಾಪನೆಗೆ ದುಡಿದವರು. ಅಲ್ಲಿ ನಿಂತು ನೋಡಿದರೆ ಹೊಳೆಯಾಚೆ ಪಾರ್ಲಿಮೆಂಟಿನ ಗೋಪುರಗಳು ಕಾಣುತ್ತವೆ. ಆ ಆಚೆಯ ದಡ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲಿನ ಎಲ್ಲೆ. ಕಾನೂನು ಹುಟ್ಟುವ ಕಟ್ಟಡಕ್ಕೆ ಇಷ್ಟು ಸಮೀಪದ ಆ ಕೌನ್ಸಿಲಿನ ಮೇಲೆಯೇ ೨೦೧೫ರ ಏಪ್ರಿಲಿನಲ್ಲಿ ಬಹು ಮುಖ್ಯವಾದ ತೀರ್ಪೊಂದು ಬಂತು.

ಐದು ಮಕ್ಕಳ ತಾಯಿ, ಕಾಯಿಲೆಯವಳು. ಬಾಡಿಗೆಯ ನೆರವಿಗೆ ಸರಕಾರ ಮಿತಿ ಹಾಕಿದ್ದರಿಂದ ಮನೆ ಹೋಗಿತ್ತು. ಕೌನ್ಸಿಲು ಆಕೆಗೆ ಸುಮಾರು ೫೦ ಮೈಲಿ ದೂರದ, ಮಿಲ್ಟನ್ ಕೇನ್ಸಿನ ಬಳಿಯ ಮನೆಯೊಂದನ್ನು ಕೊಡಲು ಬಂದಿತು. ತನಗೆ ಆರೋಗ್ಯ ಕೆಟ್ಟಾಗ ಮಕ್ಕಳನ್ನು ನೋಡಿಕೊಳ್ಳುವ ಗೆಳತಿಯರು ಇಲ್ಲಿದ್ದಾರೆ, ಮಕ್ಕಳ ಶಾಲೆಯೂ ಇಲ್ಲಿದೆ, ಅಷ್ಟು ದೂರ ಹೋಗಲಾರೆ ಎಂದು ಆಕೆ ನಿರಾಕರಿಸಿದಳು. ನಿರಾಕರಿಸಿದ್ದರಿಂದ ನಮ್ಮ ಹೊಣೆ ತೀರಿತು ಎಂದು ಕೌನ್ಸಿಲು ಕೈತೊಳೆದುಕೊಂಡಿತು. ಮಕ್ಕಳು ಬೇರೆಯವರ ಪೋಷಣೆಗೆ ಹೋದರು. ೧೯೬೬ರ ನಾಟಕದ ಕೊನೆಯ ದೃಶ್ಯಕ್ಕೂ ಇದಕ್ಕೂ ಎಷ್ಟು ದೂರ?

ಐವರು ನ್ಯಾಯಾಧೀಶರ ಪರವಾಗಿ ಲೇಡಿ ಹೇಲ್ ತೀರ್ಪು ಬರೆದರು. ತನ್ನ ಊರಿನೊಳಗೆ, ಆಗದಿದ್ದರೆ ಆದಷ್ಟು ಹತ್ತಿರದಲ್ಲಿ ವಸತಿ ಕೊಡಲು ಕೌನ್ಸಿಲು ಯತ್ನಿಸಬೇಕು. ಏಕೆ ಆಗಲಿಲ್ಲವೆಂಬುದನ್ನು ಅದರ ಕಾಗದವೇ ತೋರಿಸಬೇಕು. ಹತ್ತಿರದಲ್ಲಿ ಯಾವ ಮನೆಗಳಿದ್ದವು, ಮಕ್ಕಳ ಹಿತವನ್ನು ಹೇಗೆ ತೂಗಿದರು ಎಂಬುದೊಂದೂ ಆ ಕಾಗದದಲ್ಲಿರಲಿಲ್ಲ. ‘ನಮ್ಮಲ್ಲಿ ಮನೆಗಳ ಅಭಾವ’ ಎಂಬ ಸಿದ್ಧವಾಕ್ಯ ಮಾತ್ರ ಇತ್ತು. ಬರೆಯದ ಕಾರಣವನ್ನು ‘ಇದ್ದಿರಬಹುದು’ ಎಂದು ಉದಾರವಾಗಿ ಊಹಿಸಿಕೊಳ್ಳಲು ನ್ಯಾಯಾಲಯ ಒಪ್ಪಲಿಲ್ಲ. ನಿರ್ಣಯ ರದ್ದಾಯಿತು.

ಈ ಮೊಕದ್ದಮೆಯಿಂದ ವ್ಯಾವಹಾರಿಕವಾಗಿ ತಿಳಿಯಬೇಕಾದ ಅಂಶವೊಂದಿದೆ. ಅದನ್ನು ಒತ್ತಿ ಹೇಳಬೇಕಾಗಿದೆ. ಕೊಟ್ಟ ಮನೆ ಯೋಗ್ಯವಲ್ಲವೆಂದು ತೋರಿದಾಗ ಬೇಡವೆನ್ನುವುದೇ ಸ್ವಾಭಿಮಾನಿಯ ಮೊದಲ ಮಾತು. ಆದರೆ ಬೇಡವೆಂದು ಪುನರ್ವಿಮರ್ಶೆಯಲ್ಲೂ ಸೋತರೆ ಆ ಮನೆಯೂ ಹೋಯಿತು, ಕೌನ್ಸಿಲಿನ ಹೊಣೆಯೂ ಹೋಯಿತು. ಮನೆಯನ್ನು ಒಪ್ಪಿಕೊಂಡು ಒಳಗೆ ಕಾಲಿಟ್ಟ ಮೇಲೂ, ‘ಇದು ಯೋಗ್ಯವಲ್ಲ, ಪುನರ್ವಿಮರ್ಶೆ ಮಾಡಿ’ ಎಂದು ಕೇಳಲು ಶಾಸನವು ಸ್ಪಷ್ಟವಾಗಿ ಅವಕಾಶ ಕೊಟ್ಟಿದೆ. ಬಲ್ಲ ವಕೀಲರು ಅಲ್ಲಿ ಸಾಮಾನ್ಯವಾಗಿ ಕೊಡುವ ಸಲಹೆ ಇದೇ: ಒಪ್ಪಿಕೊಳ್ಳಿ, ಒಳಗಿದ್ದು ವಾದಿಸಿ.

ಪುನರ್ವಿಮರ್ಶೆ ಮುಗಿಯುವವರೆಗೆ ತಂಗಲು ಬಿಡಾರ ಕೊಡುವುದು ಕೌನ್ಸಿಲಿನ ಇಚ್ಛೆಗೆ ಬಿಟ್ಟದ್ದು. ಇಚ್ಛೆಯೆಂದರೆ ಮನಬಂದಂತೆ ಎಂದಲ್ಲ. ಅರ್ಜಿದಾರನ ವಾದದಲ್ಲಿ ಹುರುಳಿದೆಯೇ, ಹೊಸ ಸಂಗತಿಯೇನಾದರೂ ಬಂದಿದೆಯೇ, ಬಿಡಾರ ತಪ್ಪಿದರೆ ಅವನ ಗತಿಯೇನು ಎಂಬುದನ್ನು ತೂಗಬೇಕೆಂದು ೧೯೯೭ರಷ್ಟು ಹಿಂದೆಯೇ ಹೈಕೋರ್ಟು ಹೇಳಿದೆ. ಆದುದರಿಂದ ಪುನರ್ವಿಮರ್ಶೆಯನ್ನು ಕೇಳುವ ಪತ್ರದಲ್ಲಿಯೇ ಬಿಡಾರವನ್ನೂ ಕೇಳತಕ್ಕದ್ದು.

ವಿಮರ್ಶಿಸುವವರು ಯಾರು? ಕೌನ್ಸಿಲಿನ ಅಧಿಕಾರಿಯೇ, ಆದರೆ ಮೊದಲ ನಿರ್ಣಯದಲ್ಲಿ ಕೈಹಾಕದವನು, ಅದನ್ನು ಮಾಡಿದವನಿಗಿಂತ ಹಿರಿಯನು ಆಗಿರಬೇಕು. ಕೆಲವೆಡೆ ಹೊರಗಿನ ಗುತ್ತಿಗೆದಾರರಿಗೂ ಈ ಕೆಲಸವನ್ನು ವಹಿಸುವುದುಂಟು. ತನ್ನ ತಕ್ಕಡಿಯನ್ನು ತಾನೇ ಪರೀಕ್ಷಿಸುವ ಈ ಪದ್ಧತಿ ನನಗೇನೋ ಪೂರ್ಣ ಸಮಾಧಾನ ತರದು. ಮೇಲೆ ಕೋರ್ಟಿರುವುದರಿಂದ ಅನ್ಯಾಯವಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ೨೦೦೩ರಲ್ಲಿ ಒಪ್ಪಿಕೊಂಡಿತು. ಒಂದು ರಕ್ಷೆಯಂತೂ ಇದೆ. ಮೊದಲ ನಿರ್ಣಯದಲ್ಲಿ ಲೋಪ ಕಂಡರೂ ಫಲ ಅದೇ ಎಂದು ಅಧಿಕಾರಿಗೆ ತೋರಿದರೆ, ತಾನು ಹೀಗೆ ನಿರ್ಣಯಿಸಲಿದ್ದೇನೆ, ಏಕೆಂದರೆ ಹೀಗೆ, ಎಂದು ಮುಂಚಿತವಾಗಿ ಬರೆದು ತಿಳಿಸಿ ಅರ್ಜಿದಾರನ ಮಾತನ್ನು ಬಾಯಿಮಾತಾಗಿಯೋ ಬರವಣಿಗೆಯಲ್ಲೋ ಕೇಳಬೇಕು. ಕೇಳದೆ ಹೊರದೂಡಬಾರದೆಂಬ ನೀತಿ ನಮಗೂ ಪರಕೀಯವಲ್ಲ. ೧೯೮೫ರಲ್ಲಿ ಮುಂಬಯಿಯ ಪಾದಚಾರಿ ಮಾರ್ಗಗಳ ಮೇಲೆ ಗುಡಿಸಲು ಹಾಕಿದ್ದವರ ವಿಷಯದಲ್ಲಿ ನಮ್ಮ ಸುಪ್ರೀಂ ಕೋರ್ಟು, ಅವರ ಜೀವನೋಪಾಯವೂ ಜೀವಿಸುವ ಹಕ್ಕಿನ ಅಂಗವೆಂದು ಹೇಳಿ, ನೋಟೀಸು ಕೊಟ್ಟು ಅಹವಾಲು ಕೇಳುವುದೇ ನಿಯಮವೆಂದಿತು. ತೆರವನ್ನು ಮಳೆಗಾಲ ಕಳೆಯುವವರೆಗೆ ಮುಂದೂಡಿತು. ವ್ಯತ್ಯಾಸವೆಂದರೆ, ತೆರವಾದವರಿಗೆಲ್ಲ ವಸತಿ ಕೊಡಲೇಬೇಕೆಂದು ಅದು ಹೇಳಲಿಲ್ಲ.

ಸಾಮಾನ್ಯವಾಗಿ ಎಂಟು ವಾರಗಳಲ್ಲಿ ಪುನರ್ವಿಮರ್ಶೆಯ ಫಲ ಬರಬೇಕು. ಕೆಲವು ವಿಷಯಗಳಲ್ಲಿ ಮೂರೇ ವಾರ. ಈ ನಡುವೆ ವೈದ್ಯರ ಪತ್ರ, ಸಂಬಳದ ಚೀಟಿ, ಶಾಲೆಯ ಮುಖ್ಯೋಪಾಧ್ಯಾಯರ ಪತ್ರ, ಏನು ದೊರೆತರೂ ಕಳುಹಿಸಬಹುದು. ಹಳೆಯ ನಿರ್ಣಯದ ದಿನ ಹೇಗಿತ್ತೆಂಬುದಷ್ಟನ್ನೇ ಅಲ್ಲದೆ, ವಿಮರ್ಶೆಯ ದಿನ ಸ್ಥಿತಿ ಹೇಗಿದೆಯೆಂಬುದನ್ನೂ ಅಧಿಕಾರಿ ನೋಡಬೇಕು. ಫಲ ಪ್ರತಿಕೂಲವಾದರೆ, ಅಥವಾ ಅವಧಿಯೊಳಗೆ ಬಾರದೇ ಹೋದರೆ, ಮತ್ತೆ ೨೧ ದಿನಗಳಲ್ಲಿ ಕೌಂಟಿ ಕೋರ್ಟು. ಅಲ್ಲಿ ನ್ಯಾಯಾಧೀಶರು ಸಂಗತಿಗಳನ್ನು ಮೊದಲಿನಿಂದ ವಿಚಾರಿಸುವುದಿಲ್ಲ. ಕಾನೂನಿನ ತಪ್ಪನ್ನು ಮಾತ್ರ ನೋಡುತ್ತಾರೆ. ನೋಡಬೇಕಾದದ್ದನ್ನು ನೋಡದಿರುವುದು, ಕಾರಣ ಕೊಡದಿರುವುದು, ಇವೂ ಕಾನೂನಿನ ತಪ್ಪುಗಳೇ. ಆದುದರಿಂದಲೇ ಆ ಮೊದಲ ಕಾಗದಕ್ಕೆ ಇಷ್ಟು ಬೆಲೆ. ಗೆದ್ದರೂ ಸಾಮಾನ್ಯವಾಗಿ ಕೀಲಿಕೈ ಸಿಗುವುದಿಲ್ಲ. ನಿರ್ಣಯ ರದ್ದಾಗಿ ಕೌನ್ಸಿಲು ಪುನಃ ಯೋಚಿಸಬೇಕಾಗುತ್ತದೆ. ಕೈಯಲ್ಲಿ ಹಣವಿಲ್ಲದವರಿಗೆ ಈ ಬಗೆಯ ಮೊಕದ್ದಮೆಗಳಲ್ಲಿ ಸರಕಾರದ ಕಾನೂನು ನೆರವು ಉಳಿದುಬಂದಿದೆ. ‘ಶೆಲ್ಟರ್’, ‘ಸಿಟಿಜನ್ಸ್ ಅಡ್ವೈಸ್’ ಮುಂತಾದ ಸಂಸ್ಥೆಗಳು ಬಿಟ್ಟಿಯಾಗಿ ಸಲಹೆ ಕೊಡುತ್ತವೆ.

ಇಷ್ಟೆಲ್ಲ ಇದ್ದೂ ೨೦೨೪ರ ಮಾರ್ಚ್ ಕೊನೆಗೆ ಇಂಗ್ಲೆಂಡಿನಲ್ಲಿ ೧,೧೭,೦೦೦ಕ್ಕೂ ಹೆಚ್ಚು ಸಂಸಾರಗಳು ಕೌನ್ಸಿಲು ಕೊಟ್ಟ ಬಿಡಾರಗಳಲ್ಲಿಯೇ ದಿನ ತಳ್ಳುತ್ತಿದ್ದವು. ಇಲ್ಲದ ಮನೆಯನ್ನು ಕಾಗದದ ವಾದ ಕಟ್ಟಿಕೊಡದು. ಇರುವುದನ್ನು ಯಾರಿಗೆ, ಯಾವ ಕಾರಣಕ್ಕೆ ಕೊಡಲಿಲ್ಲವೆಂದು ಹೇಳಿಸಬಲ್ಲುದು.

ನಮ್ಮವರ ಮಟ್ಟಿಗೆ ಒಂದು ಎಚ್ಚರಿಕೆ. ಓದಲೆಂದೋ ಕೆಲಸಕ್ಕೆಂದೋ ವೀಸಾದ ಮೇಲೆ ಹೋದವರಿಗೆ ಸಾಮಾನ್ಯವಾಗಿ ಸಾರ್ವಜನಿಕ ನಿಧಿಯ ನೆರವು ಪಡೆಯಕೂಡದೆಂಬ ನಿರ್ಬಂಧ ಇರುತ್ತದೆ. ಅವರಿಗೆ ಈ ವಸತಿಯ ಹಕ್ಕಿಲ್ಲ, ಅದನ್ನು ಮೀರಿದರೆ ವೀಸಾಕ್ಕೇ ಕುತ್ತು ಬರಬಹುದು. ಆದರೆ ವಸತಿ ಬೇರೆ, ಸಲಹೆ ಬೇರೆ. ಮನೆ ತಪ್ಪುವ ಸ್ಥಿತಿಯಲ್ಲಿ ಏನು ಮಾಡಬೇಕೆಂಬ ಸಲಹೆಯನ್ನು ಕೌನ್ಸಿಲು ತನ್ನ ಎಲ್ಲೆಯಲ್ಲಿರುವ ಯಾರಿಗಾದರೂ ಬೆಲೆಯಿಲ್ಲದೆ ಕೊಡಬೇಕು. ಅರ್ಜಿ ಹಾಕುವ ಮುನ್ನ ಅದನ್ನು ಪಡೆಯುವುದು ಲೇಸು. ಶಾಶ್ವತವಾಗಿ ನೆಲಸಲು ಅನುಮತಿ ಪಡೆದು ಅಲ್ಲಿಯೇ ವಾಸವಾಗಿರುವವರೂ ಆ ದೇಶದ ಪೌರರಾದವರೂ ಉಳಿದ ಪ್ರಜೆಗಳಂತೆಯೇ ಅರ್ಜಿ ಹಾಕಬಹುದು. ಅಂಥವರನ್ನು ‘ಅರ್ಹರಲ್ಲ’ ಎಂದು ತಪ್ಪಾಗಿ ತಿರುಗಿಸಿ ಕಳುಹಿಸಿದರೆ, ಆ ಮಾತನ್ನು ಬರೆದು ಕೊಡಿ ಎಂದು ಕೇಳಬೇಕು. ಕಾಗದ ಬಂದ ದಿನಾಂಕವನ್ನು ಲಕೋಟೆಯ ಮೇಲೆಯೇ ಗುರುತು ಹಾಕಿಟ್ಟುಕೊಳ್ಳಬೇಕು.